ಜಾರದ ಚಪ್ಪಲಿ

ಗಂಗೊಳ್ಳಿ ಬಂದರಿನಲ್ಲಿ ಮೀನು ಹೊರುವ ಗುಲಾಬಿ ತಲ್ಲೂರಿನ ಚಪ್ಪಲಿ ಶೆಡ್ಡಿಗೆ ಬಂದದ್ದು ಜಗಳಕ್ಕೆಂದೇ. ಎಡಗೈಗೆ ಪ್ಲಾಸ್ಟರ್ ಹಾಕಿಸಿ ಕೊರಳಿಗೆ ತೂಗುಬಿಟ್ಟಿದ್ದಳು. ಬಲಗೈಯಲ್ಲಿ ಒಂದು ಜೊತೆ ಕಪ್ಪು ಚಪ್ಪಲಿ. ಬಾಗಿಲಲ್ಲಿ ನಿಂತು ಕರೆಯುವ ಗೊಡವೆಗೂ ಹೋಗದೆ ಸೀದಾ ಒಳಗೆ ಬಂದು, ಭೋಜರಾಜ ಶೆಟ್ಟರು ಚಹಾ ಕುಡಿಯುತ್ತಿದ್ದ ಮೇಜಿನ ಮೇಲೆ ಆ ಚಪ್ಪಲಿಗಳನ್ನು ಒಗೆದಳು.

“ಹ್ವಾಯ್ ಶೆಟ್ರೆ, ನಿಮ್ ಕಂಪ್ನಿ ಚಪ್ಪಲ್ ಇದ್. ನೀವೇ ಹಾಕ್ಕಂಡ್ ಗಂಗೊಳ್ಳಿ ಬಂದರಿನಲ್ಲ್ ಒಂದ್ಸಲ ನಡ್ದ್ ಕಾಣಿ. ಮೀನ್ ನೀರ್ ಮೇಲ್ ಕಾಲಿಟ್ರೆ ನೀವ್ ಎಲ್ಲೋ, ನಿಮ್ ಸೊಂಟ ಎಲ್ಲೋ!”

“ಗುಲಾಬಿ, ಮೊದ್ಲ್ ಕೂಕೊ. ಕೈ ಹ್ಯಾಂಗಾಯ್ತ್?”

“ಹ್ಯಾಂಗಾಯ್ತ್ ಅಂದ್ರೆ? ಬುಟ್ಟಿ ಹೊತ್ಕಂಡ್ ಹೋತಾ ಇದ್ದೆ. ಜಾರ್ತ್, ಬಿದ್ದೆ. ಬಂಗ್ಡಿ ಎಲ್ಲ ಕೆಸರಿಗ್ ಹೋಯ್ತ್, ಎಲುಬ್ ಎರಡ್ ತುಂಡಾಯ್ತ್. ಇದ್ ಚಪ್ಪಲ್ ಅಲ್ಲ, ಸೋಪ್.”

ಶೆಡ್ಡಿನ ಮೂಲೆಯಲ್ಲಿ ಕುಳಿತು ಪ್ಲಾಸ್ಟಿಕ್ ಚೂರುಗಳನ್ನು ತೂಗುತ್ತಿದ್ದ ಚೇತನಾ ಎದ್ದು ಬಂದು ಆ ಚಪ್ಪಲಿಯನ್ನು ಕೈಗೆತ್ತಿಕೊಂಡಳು. ಅದು 1998ರ ಮೇ ತಿಂಗಳು. ಅವಳು ಅಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಬ್ರಹ್ಮಾವರದ ಹುಡುಗಿ, ಮೈಸೂರಿಗೆ ಹೋಗಿ ಪ್ಲಾಸ್ಟಿಕ್ಕಿನ ಡಿಪ್ಲೊಮಾ ಓದಿ ಬಂದಿದ್ದಳು. ಪ್ಲಾಸ್ಟಿಕ್ಕಿನಲ್ಲಿ ಓದುವುದಕ್ಕೆ ಎಂತ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ದಿನಾ ಬೆಳಿಗ್ಗೆ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಸೇತುವೆ ದಾಟಿ ತಲ್ಲೂರಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದಳು.

ಭೋಜರಾಜ ಶೆಟ್ಟರು ಮುಂಬಯಿಯಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವರು. ಬಂದರಿನಲ್ಲಿ ಒಡೆದು ಬಿದ್ದಿರುತ್ತಿದ್ದ ಮೀನಿನ ಕ್ರೇಟುಗಳನ್ನು ತರಿಸಿ, ತೊಳೆದು, ಪುಡಿಮಾಡಿ, ಕರಗಿಸಿ ಬುಟ್ಟಿಯ ಹಿಡಿ, ಬಾಗಿಲ ಮ್ಯಾಟು, ಚಪ್ಪಲಿಯ ಅಟ್ಟೆ ಮಾಡಿಸುತ್ತಿದ್ದರು. ಕ್ರೇಟು ಗಟ್ಟಿಯಾಗಿರಬೇಕಾದ ವಸ್ತು. ಅದನ್ನೇ ಅಟ್ಟೆ ಮಾಡಿದರೆ ಅದೂ ಗಟ್ಟಿ. ಒದ್ದೆ ಸಿಮೆಂಟಿನ ಮೇಲೆ ಅದಕ್ಕೆ ಹಿಡಿತವೇ ಇಲ್ಲ. ಚೇತನಾ ಚಪ್ಪಲಿಯನ್ನು ಬಗ್ಗಿಸಲು ನೋಡಿದಳು. ಅದು ಬಗ್ಗಲೊಪ್ಪದೆ ಅವಳ ಬೆರಳಿಗೇ ನೋವಾಯಿತು.

“ಶೆಟ್ರೆ, ಇದ್ಕೆ ರಬ್ಬರ್ ಸೇರ್ಸಿ ಕಾಂಬ,” ಅಂದಳು.

ಆ ಮಾತಿನಿಂದ ಅವಳ ಬದುಕಿನ ಎರಡು ಒಳ್ಳೆಯ ವರ್ಷಗಳು ಶುರುವಾದವು.

ರಬ್ಬರಿಗೇನೂ ದೂರ ಹೋಗಬೇಕಾಗಿರಲಿಲ್ಲ. ವಂಡ್ಸೆ ದಾಟಿ ಕೊಲ್ಲೂರು ಕಡೆ ಏರಿದರೆ ಗುಡ್ಡಗಳ ತುಂಬ ರಬ್ಬರ್ ತೋಟಗಳು. ಹಾಲು ಹೆಪ್ಪುಗಟ್ಟಿಸಿ, ಹಾಳೆ ಒತ್ತಿ, ಹೊಗೆಗೆ ಒಣಗಿಸಿ ಮಾರುವವರಿದ್ದರು. ಅದನ್ನು ತರುವ ಜವಾಬ್ದಾರಿ ರವಿಚಂದ್ರನದ್ದಾಯಿತು. ಅವನು ವಂಡ್ಸೆಯವನೇ. ಮುಂಬಯಿ ಹತ್ತಿರದ ವಸಾಯಿಯ ರಬ್ಬರ್ ಕಾರ್ಖಾನೆಯಲ್ಲಿ ರೋಲು ನಡೆಸಿ ಪಳಗಿ, ತಾಯಿಗೆ ಹುಷಾರಿಲ್ಲವೆಂದು ಊರಿಗೆ ಬಂದು, ಶೆಟ್ಟರ ಶೆಡ್ಡು ಸೇರಿದ್ದ. ಮಾತು ಕಡಿಮೆ. ನಗು ಬಂದರೆ ಮುಖ ಆಚೆ ತಿರುಗಿಸಿ ನಗುವ ಸ್ವಭಾವ.

ಚೇತನಾಳಿಗೆ ಬೇಕಾಗಿದ್ದದ್ದು ಬಿಸಿಗೆ ಕರಗುವ, ತಣಿದ ಮೇಲೆ ರಬ್ಬರಿನಂತೆ ಬಾಗುವ, ಸವೆದುಹೋದರೆ ಮತ್ತೆ ಕರಗಿಸಿ ಹೊಸದು ಮಾಡಬಹುದಾದ ಸಾಮಾನು. ಮಾಮೂಲಿ ರಬ್ಬರನ್ನು ಒಮ್ಮೆ ಬೇಯಿಸಿದರೆ ಮುಗಿಯಿತು, ಅದು ಮತ್ತೆ ಕರಗುವುದಿಲ್ಲ. ಇದು ಹಾಗಲ್ಲ. ಅವಳ ಪುಸ್ತಕದಲ್ಲಿ ಇದಕ್ಕೆ ಥರ್ಮೋಪ್ಲಾಸ್ಟಿಕ್ ಇಲಾಸ್ಟೊಮರ್ ಎಂಬ ಉದ್ದದ ಹೆಸರಿತ್ತು. ರವಿಚಂದ್ರ ಅದನ್ನು ಎರಡು ಸಲ ಹೇಳಲು ನೋಡಿ, ಸೋತು, “ಮೆತ್ತನ್ ಮಾಲ್” ಅಂದ. ಶೆಡ್ಡಿನಲ್ಲಿ ಆ ಹೆಸರೇ ನಿಂತಿತು.

ರೋಲು ಎಂದರೆ ಎರಡು ದಪ್ಪ ಉಕ್ಕಿನ ಉರುಳೆಗಳು. ಕಬ್ಬಿನ ಗಾಣದಂತೆ ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಒಳಗಿನಿಂದ ಬಿಸಿ. ಅವುಗಳ ನಡುವೆ ರಬ್ಬರು, ಪ್ಲಾಸ್ಟಿಕ್ಕು ಹಾಕಿದರೆ ಅರೆದು, ಕಲಸಿ, ಒಂದು ಉರುಳೆಗೆ ಹಾಳೆಯಾಗಿ ಸುತ್ತಿಕೊಳ್ಳುತ್ತದೆ. ರವಿಚಂದ್ರ ಎದುರಿಗೆ ನಿಂತು ಚಾಕುವಿನಿಂದ ಆ ಹಾಳೆಯನ್ನು ಕೊಯ್ದು, ಮಡಚಿ, ಮತ್ತೆ ನಡುವಿಗೆ ಹಾಕುತ್ತಿದ್ದ. ಚೇತನಾ ಪಕ್ಕದಲ್ಲಿ ನಿಂತು ಪುಡಿ ಉದುರಿಸುತ್ತಿದ್ದಳು. ಆ ಶಬ್ದದಲ್ಲಿ ಮಾತು ಕೇಳಿಸುವುದಿಲ್ಲ. ಅವನು ತಲೆ ಆಡಿಸಿದರೆ ಹಾಕು ಎಂದರ್ಥ, ಹುಬ್ಬು ಏರಿಸಿದರೆ ಸಾಕು. ಹೀಗೆ ದಿನವಿಡೀ. ಸಂಜೆ ಬಸ್ಸಿನಲ್ಲಿ ಕುಳಿತಾಗ ಅವಳ ಸೀರೆಯಿಂದ ಹೊಗೆ ಹಿಡಿದ ರಬ್ಬರಿನ ವಾಸನೆಯೂ ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆಯೂ ಬರುತ್ತಿತ್ತು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರೆ ಅವಳಿಗೆ ನಗು.

ಮೊದಮೊದಲು ಏನೂ ಸರಿಬರಲಿಲ್ಲ. ಅಟ್ಟೆ ಮೇಲಿಂದ ನೋಡಲು ಚೆಂದವಿರುತ್ತಿತ್ತು. ಉಗುರು ಹಾಕಿ ಎಳೆದರೆ ಬಾಳೆದಿಂಡಿನ ಪಟ್ಟೆಯ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಾಗಿಯೇ, ರಬ್ಬರು ರಬ್ಬರಾಗಿಯೇ ಉಳಿದಿರುತ್ತಿತ್ತು.

“ಎರಡೂ ಒಂದೇ ಮನೆಯಲ್ಲಿತ್ತ್, ಮಾತಾಡುದಿಲ್ಲ,” ಎಂದು ರವಿಚಂದ್ರ ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಹೇಳಿದ.

“ಇಬ್ರಿಗೂ ಗುರ್ತ ಇಪ್ಪವ್ರ್ ಒಬ್ರ್ ನಡೂಗೆ ಬೇಕ್,” ಅಂದಳು ಚೇತನಾ. “ಆಗ ಮಾತ್ ಶುರುವಾತ್.”

ಹೇಳಿದ ಮೇಲೆ ಆ ಮಾತು ಬರೀ ಮಾಲಿನ ಬಗ್ಗೆ ಆಡಿದ ಹಾಗೆ ಅವಳಿಗೇ ಕೇಳಿಸಲಿಲ್ಲ. ರವಿಚಂದ್ರ ಮುಖ ಆಚೆ ತಿರುಗಿಸಿದ. ನಕ್ಕನೋ, ಬೇರೆ ಏನೋ, ಅವಳಿಗೆ ಕಾಣಲಿಲ್ಲ.

ನಡುವಿನ ಆ ಗುರುತಿನವರು ಸಿಕ್ಕಿದ್ದು ಹವಾಯಿ ಚಪ್ಪಲಿ ಕತ್ತರಿಸಿ ಉಳಿದ ಮೆತ್ತನೆಯ ಚೂರುಗಳಲ್ಲಿ. ಅದಕ್ಕೆ ಕ್ರೇಟಿನ ಪ್ಲಾಸ್ಟಿಕ್ಕಿನ ಸಂಬಂಧವೂ ಇತ್ತು, ರಬ್ಬರಿನ ಒಲವೂ ಇತ್ತು. ಅದನ್ನು ಪುಡಿಮಾಡಿ ಸೇರಿಸಿದ ಮೇಲೆ ಪದರ ಬಿಚ್ಚುವುದು ನಿಂತಿತು. ಚಿಟಿಕೆ ಗಂಧಕ ಹಾಕಿದ ಮೇಲೆ ಬಗ್ಗಿಸಿದ ತುಂಡು ತಾನಾಗಿ ನೆಟ್ಟಗಾಗತೊಡಗಿತು. ಇನ್ನೇನು ಆಯಿತು ಅನ್ನುವಾಗ ಚೇತನಾಳ ಮದುವೆ ಗೊತ್ತಾಯಿತು.

ಹುಡುಗ ನಾವುಂದದ ನಿತೇಶ, ಹುಬ್ಬಳ್ಳಿಯಲ್ಲಿ ಹೋಟೆಲು. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನು, ಬೇಡ ಅನ್ನಲು ಕಾರಣ ಇರಲಿಲ್ಲ. ಇದ್ದ ಕಾರಣವನ್ನು ಅವಳು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ರವಿಚಂದ್ರ ಒಂದು ಮಾತು ಆಡಿದ್ದರೆ ಏನಾದರೂ ಮಾಡುತ್ತಿದ್ದಳೋ ಏನೋ. ಅವನು ಆಡಲಿಲ್ಲ. ಎರಡು ಮನೆಗಳ ನಡುವೆ ಇರುವ ದೂರ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕಡೆಯ ದಿನ ಇಬ್ಬರೂ ಸೇರಿ ಇನ್ನೊಮ್ಮೆ ಮಾಲು ಮಾಡಿದರು. ಅದು ಕೆಟ್ಟುಹೋಯಿತು. ರೋಲಿನಿಂದ ಹೊಗೆ ಎದ್ದು, ರಬ್ಬರು ಹಲಸಿನ ಮೇಣದ ಹಾಗೆ ಅಂಟಂಟಾಗಿ, ಚಾಕುವಿಗೆ, ಕೈಗೆ, ಎಲ್ಲದಕ್ಕೂ ಹತ್ತಿಕೊಂಡಿತು. ಬಿಸಿಯ ಮೀಟರಿನ ಮುಳ್ಳು ಇರಬೇಕಾದಲ್ಲೇ ಇತ್ತು. ಹಾಗಾದರೆ ತನ್ನ ಲೆಕ್ಕವೇ ತಪ್ಪು ಎಂದು ಚೇತನಾಳಿಗೆ ಅನ್ನಿಸಿತು. ಎರಡು ವರ್ಷದ ಲೆಕ್ಕ.

“ನಾಳೆ ಇನ್ನೊಂದ್ಸಲ ಮಾಡ್ವ,” ಅಂದ ರವಿಚಂದ್ರ. ಅಂದ ಮೇಲೆ ನೆನಪಾಗಿ ಚಾಕುವಿನ ಅಂಟು ಕೆರೆಯತೊಡಗಿದ.

ಅವಳು ಸೀಮೆಎಣ್ಣೆಯಲ್ಲಿ ಕೈಯ ಅಂಟು ಉಜ್ಜಿ ತೆಗೆದು, ಶೆಟ್ಟರ ಕಾಲಿಗೆ ನಮಸ್ಕರಿಸಿ, ಬಸ್ಸು ಹತ್ತಿದಳು. ಮದುವೆಗೆ ಶೆಟ್ಟರು ಬಂದರು, ಗುಲಾಬಿ ಬಂದು ಹೊಟ್ಟೆ ತುಂಬ ಉಂಡು ಹರಸಿ ಹೋದಳು. ರವಿಚಂದ್ರ ಬರಲಿಲ್ಲ.

ನಾವುಂದದಲ್ಲಿ ಅವಳಿಗೆ ಕಷ್ಟ ಅನ್ನುವಂಥದ್ದೇನೂ ಇರಲಿಲ್ಲ. ಅತ್ತೆ ಸರೋಜಮ್ಮ ಜೋರಾಗಿ ಮಾತಾಡುವವರಾದರೂ ಕೆಟ್ಟವರಲ್ಲ. ನಿತೇಶ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುತ್ತಿದ್ದ. ಮಗಳು ಶ್ರಾವ್ಯ ಹುಟ್ಟಿದಳು, ನಡೆದಳು, ಶಾಲೆಗೆ ಹೋದಳು. ಗದ್ದೆ ನಾಟಿಯ ಆಳುಗಳಿಗೆ ಗಂಜಿ, ಮನೆಗೆ ಬಂದು ಹೋಗುವವರಿಗೆ ಚಹಾ, ಹಬ್ಬ ಬಂದರೆ ಕಡುಬು. ದಿನ ಹೋಗುತ್ತಿತ್ತು. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಕೊಡದ ಮುಚ್ಚಳ, ಬಕೆಟಿನ ಹಿಡಿ, ಮಗಳ ಆಟದ ಗೊಂಬೆ, ಯಾವುದು ಸಿಕ್ಕಿದರೂ ಬಗ್ಗಿಸಿ ನೋಡುತ್ತಿದ್ದಳು, ಮೂಸುತ್ತಿದ್ದಳು.

“ಎಂತ ಹೆಣ್ಣೆ ಅದ್, ನಾಯಿ ಹಾಂಗೆ ಬಕೆಟ್ ಮೂಸುದ್?” ಎಂದು ಸರೋಜಮ್ಮ ಕೇಳಿದರೆ, “ಹೊಸ್ತಾ ಹಳೇದಾ ಕಂಡೆ ಅತ್ತೆ,” ಅನ್ನುತ್ತಿದ್ದಳು.

ಕುಂದಾಪುರಕ್ಕೆ ಹೋಗುವಾಗ ಬಸ್ಸಿನಲ್ಲಿ ಎಡಗಡೆ ಕೂರುತ್ತಿದ್ದಳು, ಬರುವಾಗ ಬಲಗಡೆ. ತಲ್ಲೂರಿನಲ್ಲಿ ಶೆಡ್ಡು ಕಾಣುವುದು ಆ ಕಡೆಗೆ. ಮೊದಲ ಒಂದೆರಡು ವರ್ಷ ಅಂಗಳದಲ್ಲಿ ಕ್ರೇಟಿನ ರಾಶಿ ಇತ್ತು. ಆಮೇಲೆ ರಾಶಿ ಕರಗಿತು, ಬಾಗಿಲು ಹಾಕಿತು, ತಗಡಿನ ಮಾಡಿಗೆ ಬಳ್ಳಿ ಹಬ್ಬಿತು. ಶೆಟ್ಟರಿಗೆ ಲಕ್ವ ಹೊಡೆದಿದೆ, ರವಿಚಂದ್ರ ಮತ್ತೆ ವಸಾಯಿಗೆ ಹೋಗಿದ್ದಾನೆ, ಅಲ್ಲೇ ಮದುವೆಯಾಗಿದ್ದಾನೆ ಎಂಬಷ್ಟು ಸುದ್ದಿ ಹೇಗೋ ಬಂದಿತ್ತು. ಆದರೂ ಬಸ್ಸು ಅಲ್ಲಿಗೆ ಬಂದಾಗ ಅವಳ ಕತ್ತು ತಾನಾಗಿ ತಿರುಗುತ್ತಿತ್ತು. ಒಂದು ಕ್ಷಣ ಅಷ್ಟೆ. ಆ ಕ್ಷಣಕ್ಕೆಂದೇ ಅವಳು ಬೇಡದ ಕೆಲಸ ಹುಡುಕಿಕೊಂಡು ಕುಂದಾಪುರಕ್ಕೆ ಹೋದದ್ದುಂಟು. ಇಳಿದು ಹೋಗಿ ನೋಡಬಹುದಿತ್ತಲ್ಲ ಎಂದರೆ, ಇಳಿಯಲು ಅವಳಿಗೆ ಧೈರ್ಯವಿರಲಿಲ್ಲ. ತಪ್ಪಿದ ಲೆಕ್ಕದ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

2011ರ ಚಳಿಗಾಲದ ಒಂದು ಬೆಳಿಗ್ಗೆ ಬಸ್ಸು ತಲ್ಲೂರಿಗೆ ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಲಾರಿ. ನಾಲ್ಕಾರು ಜನ ಹಗ್ಗ ಹಾಕಿ ರೋಲಿನ ಯಂತ್ರವನ್ನು ಹೊರಕ್ಕೆ ಎಳೆಯುತ್ತಿದ್ದರು.

ಚೇತನಾ ಎದ್ದು ನಿಂತು “ಇಳಿವುಕಿತ್ತ್!” ಎಂದು ಕೂಗಿದಳು. ಕಂಡಕ್ಟರು ಬೈಯುತ್ತ ಸೀಟಿ ಊದಿದ.

ಭೋಜರಾಜ ಶೆಟ್ಟರು ನೆರಳಿನಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ಒಂದು ಕೈ ಸ್ವಾಧೀನವಿಲ್ಲ, ಮಾತು ಸ್ವಲ್ಪ ತೊದಲು. ಗುರುತು ಹಿಡಿಯಲು ಹೊತ್ತು ಬೇಕಾಯಿತು. ಹಿಡಿದ ಮೇಲೆ ಮುಖ ಅರಳಿತು.

“ಚೇತನಾ! ಬಾ ಬಾ. ಗುಜ್ರಿಯವ್ರಿಗ್ ಕೊಡ್ತಾ ಇದ್ದೆ. ಇನ್ ಯಾರ್ ನಡೆಸುದ್ ಇದನ್ನ? ರವಿ ಇದ್ದಾಗ ಎಷ್ಟ್ ಚೆಂದ ಇತ್ತ್. ನಿಮ್ ಮೆತ್ತನ್ ಮಾಲಲ್ಲ್ ಎಂಥಾ ಚಪ್ಪಲ್ ಮಾಡ್ದ ಅವ! ಬಂದರಿನ್ ಹೆಂಗ್ಸ್ರ್ ಈಗ್ಳೂ ಕೇಳ್ತ್ರ್.”

ಚೇತನಾ ಕುರ್ಚಿಯ ಹತ್ತಿರಕ್ಕೆ ಬಗ್ಗಿದಳು. “ಆಯ್ತಾ ಅದ್? ಸಮಾ ಬಂತಾ?”

“ಬಂತ್ ಅಲ್ದಾ? ಬಗ್ಗಿಸ್ದ್ರೆ ಹಾವಿನ್ ಹಾಂಗೆ. ಜಾರುದಿಲ್ಲ, ಒಡಿಯುದಿಲ್ಲ. ಕೆಲವ್ ಜೊತಿ ಮಾಡಿ ಗುಲಾಬಿ ಕೈಯಲ್ಲ್ ಕೊಟ್ಟ್ ಕಳ್ಸಿದ್ದ್. ಅಷ್ಟ್ರಲ್ಲ್ ನಂಗ್ ಹೀಂಗಾಯ್ತ್. ಎಲ್ಲ ನಿಂತ್ಹೋಯ್ತ್. ನಿಂಗ್ ಗೊತ್ತಿಲ್ಯಾ?”

ಅವಳು ರೋಲಿನ ಹತ್ತಿರ ಹೋಗಿ ತುಕ್ಕು ಹಿಡಿದ ಉರುಳೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಆಮೇಲೆ ತಿರುಗಿ, ಅಳುವಂತೆಯೂ ಅಪ್ಪಣೆ ಕೊಡುವಂತೆಯೂ ಇದ್ದ ಧ್ವನಿಯಲ್ಲಿ ಹೇಳಿದಳು: “ಇದನ್ನ್ ಕೊಡ್ಬೇಡಿ ಶೆಟ್ರೆ. ನಾನ್ ನಡೆಸ್ತೆ.”

ಹೇಳಿಬಿಟ್ಟಿದ್ದಳು. ಲಾರಿ ಬರಿದೇ ಹೋಯಿತು. ಇನ್ನು ಮನೆಯಲ್ಲಿ ಹೇಳಬೇಕಿತ್ತು.

ಆ ಭಾನುವಾರ ನಿತೇಶ ಊರಲ್ಲಿದ್ದ. ಮಧ್ಯಾಹ್ನ ಊಟಕ್ಕೆ ಬಡಿಸುತ್ತ, ಸಾರಿನ ಸೌಟು ಕೈಯಲ್ಲೇ ಹಿಡಿದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ರೋಲು, ಕ್ರೇಟು, ಗುಲಾಬಿಯ ಕೈ, ಕೆಟ್ಟುಹೋದ ಕಡೆಯ ಮಾಲು. ರವಿಚಂದ್ರನ ಹೆಸರನ್ನೂ ಹೇಳಿದಳು, ರೋಲು ನಡೆಸುತ್ತಿದ್ದವನು ಎಂದು. ಸರೋಜಮ್ಮ ಊಟ ನಿಲ್ಲಿಸಿ ಮಗನ ಮುಖ ನೋಡಿದರು.

“ಹೋಯ್ ಮಾಡ್,” ಅಂದ ನಿತೇಶ. “ಶ್ರಾವ್ಯ ದೊಡ್ಡದಾಯ್ತಲ್ಲ. ಅದ್ಕೆಂತ?”

ಅಷ್ಟು ಸುಲಭವಾಗಿ ಬಂದ ಒಪ್ಪಿಗೆ ಅವಳಿಗೆ ತಡೆಯಲಾಗಲಿಲ್ಲ. “ಆಗ್ಳೇ ಕೇಂಡಿದ್ರೆ? ಮದ್ವಿ ಆದ್ ಹೊಸ್ತ್ರಲ್ಲ್ ಕೇಳಿದ್ರೆ ಎಂತ ಹೇಳ್ತಿದ್ರಿ?”

ನಿತೇಶ ತುತ್ತು ಕಲಸುತ್ತ ಯೋಚಿಸಿದ. ಸುಳ್ಳು ಹೇಳುವ ಜಾಯಮಾನದವನಲ್ಲ. “ಆಗ್ಳ್ ಬ್ಯಾಡ ಅಂತಿದ್ದೆ,” ಅಂದ. “ಅಪ್ಪಯ್ಯ ಇದ್ರ್, ನಾಕ್ ಜನ ಎಂತ ಹೇಳ್ತ್ರೋ ಅಂದೇಳಿ ಹೆದ್ರಿಕಿ ಇತ್ತ್. ಈಗ ಯಾರ್ ಎಂತ ಹೇಳಿರೂ ನಂಗೆಂತ.”

ಅವಳು ಅವನ ಬಾಳೆಲೆಗೆ ಸಾರು ಬಡಿಸಿದಳು. ಸಿಟ್ಟು ಬರಲಿಲ್ಲ. ಕಳೆದ ವರ್ಷಗಳಲ್ಲಿ ಯಾರದ್ದೂ ತಪ್ಪಿಲ್ಲ ಎನ್ನುವುದೇ ಹೆಚ್ಚು ನೋವಿನದ್ದಾಗಿತ್ತು.

ರೋಲಿನ ತುಕ್ಕು ಉಜ್ಜಿ ತೆಗೆಯಲು, ಮೋಟಾರಿಗೆ ಹೊಸ ತಂತಿ ಸುತ್ತಿಸಲು, ಮಾಡಿನ ಬಳ್ಳಿ ಕೀಳಿಸಲು ತಿಂಗಳುಗಳೇ ಹಿಡಿದು ಮಳೆಗಾಲ ಬಂತು. ರೋಲಿನ ಎದುರಿಗೆ ನಿಲ್ಲಲು ಶೀನ ಎಂಬವರು ಸಿಕ್ಕಿದರು. ಮಂಗಳೂರಿನಲ್ಲಿ ಸವೆದ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿಯಲ್ಲಿದ್ದು ಬಂದ, ಸದಾ ಮಾತಾಡುವ ಮನುಷ್ಯ. ಚೇತನಾ ಹಳೆಯ ಜಾಗದಲ್ಲೇ, ಪಕ್ಕದಲ್ಲಿ ನಿಂತಳು. ಅಳತೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಕೈ ಮಾತ್ರ ಮರೆತಿತ್ತು. ಪುಡಿ ಒಂದೇ ಕಡೆ ಬೀಳುತ್ತಿತ್ತು, ಹಾಳೆ ಹರಿಯುತ್ತಿತ್ತು. ಜೊತೆಗೆ, ಬಿಸಿ ಎಷ್ಟಿಡಬೇಕೆಂದು ಅವಳಿಗೆ ಈಗಲೂ ಹೆದರಿಕೆ. ರವಿಚಂದ್ರನ ನಂಬರು ಶೆಟ್ಟರ ಹತ್ತಿರ ಇತ್ತು. ಎರಡು ದಿನ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಓಡಾಡಿದಳು. ಮೂರನೆಯ ದಿನ ಶೆಡ್ಡಿನ ಹೊರಗೆ ನಿಂತು ಒತ್ತಿದಳು.

“ಹಲೋ, ಯಾರ್?”

“ನಾನ್, ಚೇತನಾ. ತಲ್ಲೂರಿಂದ.”

ಅವನು ಕೇಳಿದ: “ನಿಮ್ ಹಿಂದ್ಗಡೆ ರೋಲ್ ತಿರ್ಗು ಶಬ್ದ ಕೇಣ್ತಲ್ದಾ. ನಮ್ ರೋಲಾ ಅದ್?”

“ನಮ್ಮದೇ.” ಅವಳು ಕೆಲಸದ ಮಾತಿಗೇ ಬಂದಳು. “ನೀವ್ ಹ್ಯಾಂಗ್ ಮಾಡ್ದ್ರಿ ಅದನ್ನ? ನನ್ ಲೆಕ್ಕದಲ್ಲ್ ಎಂತ ತಪ್ಪಿತ್ತ್?”

“ನಿಮ್ ಲೆಕ್ಕದಲ್ಲ್ ಎಂತ ತಪ್ಪಿಲ್ಲ. ಮೀಟರ್ ಸುಳ್ಳ್ ಹೇಳ್ತಿತ್ತ್. ರೋಲ್ ಬೆಂಕಿ ಹಾಂಗೆ ಕಾದ್ರೂ ಮುಳ್ಳ್ ಅಲ್ಲೇ ನಿಂತಿರ್ತಿತ್ತ್. ಮರ್ವರ್ಷ ಮೀಟರ್ ಬದ್ಲ್ ಮಾಡ್ದೆ. ನೀವ್ ಹೇಳಿದ್ ಅಳತೆ, ನೀವ್ ಹೇಳಿದ್ ಬಿಸಿ. ಒಂದೇ ಸಲಕ್ಕ್ ಬಂತ್.”

ಮಳೆ ಜೋರಾಯಿತು. ಚೇತನಾ ತಗಡಿನ ಸೂರಿನ ಕೆಳಗೆ ಸರಿದು ಗೋಡೆಗೆ ಒರಗಿದಳು. ಇಷ್ಟು ವರ್ಷ ಬಸ್ಸಿನ ಕಿಟಕಿಯಲ್ಲಿ ಹೊತ್ತು ತಿರುಗಿದ ತಪ್ಪು ಅವಳದ್ದಾಗಿರಲೇ ಇಲ್ಲ.

“ನಂಗ್ ಎಂತಕ್ ಹೇಳ್ಲಿಲ್ಲ?”

“ಬಂದಿದ್ದೆ,” ಅಂದ ರವಿಚಂದ್ರ. “ಒಂದ್ ಜೊತಿ ಪೇಪರಲ್ಲ್ ಸುತ್ಕಂಡ್ ನಾವುಂದಕ್ಕ್ ಬಂದಿದ್ದೆ. ನಿಮ್ ಮನಿ ಅಂಗ್ಳದಲ್ಲ್ ಚಪ್ಪರ ಹಾಕಿದ್ರ್. ನಿಮ್ ಸೀಮಂತ ಅಂಬ್ರ್. ಅಷ್ಟ್ ಜನ್ರ್ ಎದ್ರಿಗೆ ಎಂತ ಹೇಳುದ್? ರಬ್ಬರ್ ವಿಷ್ಯ ಹೇಳುಕ್ ಬಂದೆ ಅಂದ್ರೆ ಯಾರ್ ನಂಬ್ತ್ರ್?”

“ಚಪ್ಪಲ್ ಎಂತ ಮಾಡ್ದ್ರಿ?”

“ರಸ್ತೆ ಬದೀಗ್ ಒಬ್ರ್ ಹೆಂಗ್ಸ್ ಬರಿಗಾಲಲ್ಲ್ ಬಸ್ ಕಾಯ್ತಿದ್ರ್. ಅವ್ರಿಗ್ ಕೊಟ್ಟೆ.”

ಸೀಮಂತದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಹಸಿರು ಸೀರೆ, ಕೈತುಂಬ ಬಳೆ, ಸುತ್ತ ನಗುವ ಹೆಂಗಸರು. ಆ ಗಲಾಟೆಯ ನಡುವೆ ಯಾವಾಗಲೋ ಅವನು ಗೇಟಿನ ಹತ್ತಿರ ನಿಂತಿದ್ದ. ಅವಳು ತಲೆ ಎತ್ತಿ ನೋಡಿದ್ದರೆ ಕಾಣುತ್ತಿದ್ದನೋ ಏನೋ. ನೋಡಿರಲಿಲ್ಲ.

“ಒಂದ್ಸಲ ಬಂದ್ ಕಾಣಿ,” ಅಂದಳು ಕೊನೆಗೆ. “ರೋಲ್ ಹ್ಯಾಂಗಿತ್ತ್ ಅಂದೇಳಿ.”

“ಬತ್ತೆ. ಮಕ್ಳ್ ರಜೆಗ್ ಬತ್ತೆ.”

ಅವನು ಹಾಕಿದ್ದ ಮೀಟರೂ ತುಕ್ಕು ಹಿಡಿದಿದ್ದರಿಂದ ಆ ವಾರವೇ ಹೊಸದು ಹಾಕಿಸಿದಳು. ಮೆತ್ತನೆ ಮಾಲು ಬಂತು. ನುಣ್ಣಗೆ, ಕಪ್ಪಗೆ, ಬಿಸಿಬಿಸಿಯಾಗಿ ರೋಲಿನಿಂದ ಇಳಿದ ಹಾಳೆಯನ್ನು ಅವಳು ಎರಡೂ ಕೈಯಲ್ಲಿ ಎತ್ತಿಕೊಂಡಾಗ, “ಮಗುವನ್ನ್ ಎತ್ತಿದ್ ಹಾಂಗ್ ಎತ್ತಿದ್ರಲ್ಲ ಮಾರಾಯ್ರೆ,” ಎಂದು ಶೀನ ನಕ್ಕರು. ಮಳೆಗಾಲದ ರಜೆ ಮುಗಿದು ಮೀನುಗಾರಿಕೆ ಮತ್ತೆ ಶುರುವಾದಾಗ ಗಂಗೊಳ್ಳಿಯ ಹೆಂಗಸರು ಹೊಸ ಚಪ್ಪಲಿ ಹಾಕಿ ಒದ್ದೆ ಕಟ್ಟೆಯ ಮೇಲೆ ಬುಟ್ಟಿ ಹೊತ್ತು ನಡೆದರು. ಮುಂದಿನ ವರ್ಷ ಮಲ್ಪೆಯಿಂದ, ಬೈಂದೂರಿನಿಂದ ಬೇಡಿಕೆ ಬಂತು. ಸವೆದದ್ದನ್ನು ವಾಪಸು ತಂದರೆ ಕರಗಿಸಿ ಹೊಸದಕ್ಕೆ ಸೇರಿಸುತ್ತಿದ್ದಳು. ಸರೋಜಮ್ಮ ನೆಂಟರ ಮನೆಗೆ ಹೋಗುವಾಗಲೂ ಅದನ್ನೇ ಹಾಕಿ, ಬಗ್ಗಿಸಿ ತೋರಿಸಿ ಬರುತ್ತಿದ್ದರು.

ರವಿಚಂದ್ರ ಬರಲಿಲ್ಲ. ಒಂದು ರಜೆಗೆ ಮಗನಿಗೆ ಜ್ವರ ಅಂದ, ಇನ್ನೊಂದಕ್ಕೆ ಕಾರ್ಖಾನೆಯಲ್ಲಿ ಬಿಡಲಿಲ್ಲ ಅಂದ. ಫೋನು ಮಾಡಿದರೆ ರೋಲಿನ ಕ್ಷೇಮ ಕೇಳುತ್ತಿದ್ದ. ಬರಬರುತ್ತ ಅವಳೂ ಬರಲು ಹೇಳುವುದನ್ನು ಬಿಟ್ಟಳು. ಬಂದರೆ ಏನಾಗಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಬಾರದಿರುವುದು ಮಾತ್ರ ದಿನಾ ಗೊತ್ತಾಗುತ್ತಿತ್ತು.

ಗಂಡಸರಿಗೂ ಚಪ್ಪಲಿ ಬೇಕೆಂದು ಬೋಟಿನವರು ಕೇಳಿದಾಗ ಹೊಸ ಅಚ್ಚು ಮಾಡಿಸಿದಳು. ಮೊದಲ ಜೊತೆ ಇಳಿದ ದಿನ, ಇದನ್ನು ಮುಂಬಯಿ ಬಸ್ಸಿನಲ್ಲಿ ವಸಾಯಿಗೆ ಕಳಿಸಬೇಕು ಎಂದುಕೊಂಡಳು. ಯಾವ ಸೈಜು? ಎರಡು ವರ್ಷ ಒಂದೇ ರೋಲಿನ ಹತ್ತಿರ ನಿಂತು ಕೆಲಸ ಮಾಡಿದ್ದಳು. ಅವನ ಹುಬ್ಬು ಎಷ್ಟು ಏರಿದರೆ ಏನರ್ಥ ಎಂದು ಈಗಲೂ ಹೇಳಬಲ್ಲಳು. ಅವನ ಪಾದ ನೆನಪಿಗೆ ಬರಲಿಲ್ಲ. ಫೋನು ತೆಗೆದು ಕೇಳಬಹುದಿತ್ತು. ಕೇಳಲಿಲ್ಲ.

“ರೋಲ್ ಬಿಸಿ ಆಯ್ತ್ ಕಾಣಿ,” ಎಂದು ಶೀನ ಒಳಗಿನಿಂದ ಕೂಗಿದರು.

“ಬಂದೆ,” ಎನ್ನುತ್ತ ಚೇತನಾ ಪುಡಿಯ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.